ಮೂವರು ಹರಿಹರರು

ಬಾಲ್ಯದಲ್ಲಿ ನಾನೊಂದು ತಪ್ಪು ತಿಳಿವಳಿಕೆಯನ್ನು ಬಹುಕಾಲ ಹೊತ್ತು ತಿರುಗಿದ್ದೆ. ವಿಜಯನಗರವನ್ನು ಕಟ್ಟಿದ ಹರಿಹರನೇ ಬಿಡುವಿನ ವೇಳೆಯಲ್ಲಿ ರಗಳೆಗಳನ್ನೂ ಬರೆದನೆಂದು ನಂಬಿದ್ದೆ. ಊರು ಒಂದೇ ಹಂಪೆ, ದೈವ ಒಂದೇ ವಿರೂಪಾಕ್ಷ, ಹೆಸರೂ ಒಂದೇ; ಹುಡುಗನನ್ನು ದೂರುವಂತಿಲ್ಲ.

ಕವಿ ಹರಿಹರನೇ ಮೊದಲಿನವನು. ಹಳೇಬೀಡಿನಲ್ಲಿ ಹೊಯ್ಸಳ ನರಸಿಂಹನ ಕರಣಿಕನಾಗಿದ್ದು, ಲೆಕ್ಕದ ಕಡತವನ್ನು ಬಿಟ್ಟು ಹಂಪೆಗೆ ಬಂದನೆಂದು ಪರಂಪರೆ ಹೇಳುತ್ತದೆ. ನರರನ್ನು ಹೊಗಳೆನೆಂಬುದು ಅವನ ಹಟ. ಸೋದರಳಿಯ ರಾಘವಾಂಕ ಹರಿಶ್ಚಂದ್ರನೆಂಬ ಅರಸನ ಕಥೆ ಬರೆದಾಗ ಮುನಿದನಂತೆ. ಆದರೆ ಶಿವಭಕ್ತನಾದ ಕುಂಬಾರ ಗುಂಡಯ್ಯನಿಗೆ ಒಂದು ರಗಳೆಯನ್ನೇ ಮೀಸಲಿಟ್ಟ.

ಸುಮಾರು ನೂರು ವರ್ಷಗಳ ತರುವಾಯ, ವಾಡಿಕೆಯ ಲೆಕ್ಕದಂತೆ 1336ರಲ್ಲಿ, ಸಂಗಮನ ಮಗ ಹರಿಹರ ಅದೇ ತುಂಗಭದ್ರೆಯ ದಡದಲ್ಲಿ ರಾಜ್ಯ ಕಟ್ಟಿದ. 1346ರ ಶೃಂಗೇರಿಯ ಶಾಸನದಲ್ಲಿ ಅವನೊಡನೆ ತಮ್ಮಂದಿರೂ ಇದ್ದಾರೆ. ಅವನ ಬಳಿಕ ಪಟ್ಟಕ್ಕೆ ಬಂದವನೂ ತಮ್ಮ ಬುಕ್ಕನೇ.

ಮೂರನೆಯವನು ಬುಕ್ಕನ ಮಗ ಇಮ್ಮಡಿ ಹರಿಹರ. 1377ರಿಂದ 1404ರವರೆಗೆ ಆಳಿದ. ವೇದಭಾಷ್ಯ ಬರೆದ ಸಾಯಣನು ಅವನ ಆಸ್ಥಾನದಲ್ಲಿದ್ದ. ದೊಡ್ಡಪ್ಪನ ಹೆಸರು ಬಂತು, ಆ ಮನೆಯ ಒಗ್ಗಟ್ಟು ಮುಂದಕ್ಕೆ ಬರಲಿಲ್ಲ. ಅವನು ತೀರಿದೊಡನೆ ಮಕ್ಕಳು ಸಿಂಹಾಸನಕ್ಕಾಗಿ ಬಡಿದಾಡಿದರು.

1565ರ ಯುದ್ಧದ ಬಳಿಕ ಆ ರಾಜಧಾನಿ ಹಾಳಾಯಿತು. ಹಂಪೆಗೆ ಹೋದಾಗಲೆಲ್ಲ ಅರಮನೆಗಳ ಅಡಿಪಾಯವನ್ನಷ್ಟೇ ಕಂಡು ಬರುತ್ತೇನೆ. ವಿರೂಪಾಕ್ಷನಿಗೆ ಪೂಜೆ ನಡೆದೇ ಇದೆ. ಗುಂಡಯ್ಯ ಮಡಕೆ ಬಡಿದು ಕುಣಿದುದನ್ನು ಕನ್ನಡಿಗರು ಓದುತ್ತಲೇ ಇದ್ದಾರೆ. ಬಾಲ್ಯದ ತಪ್ಪು ತಿದ್ದಿತು. ಆದರೂ ಹರಿಹರನೆಂದೊಡನೆ ನನಗೆ ನೆನಪಾಗುವವನು, ಅರಸನ ಚಾಕರಿ ಬಿಟ್ಟು ಬಂದ ಆ ಕರಣಿಕನೇ.