ಪಟ್ಟಿಯ ಕೊನೆಯ ರೋಗಿ

ಆಪರೇಶನ್ ಥೇಟರಿನಲ್ಲಿ ಆ ದಿನ ಯಾರಿಗೆ ಮೊದಲು, ಯಾರಿಗೆ ನಂತರ ಎಂದು ತಿಳಿಸುವ ಪಟ್ಟಿಯೊಂದು ಇರುತ್ತದೆ. ಕೆಲವೊಮ್ಮೆ ಒಬ್ಬ ರೋಗಿಯ ಹೆಸರನ್ನು ಬೇಕೆಂದೇ ಎಲ್ಲರಿಗಿಂತ ಕೆಳಗೆ ಬರೆಯುತ್ತಾರೆ. ರೋಗಿ ಹಿಂದಿನ ರಾತ್ರಿಯಿಂದ ಉಪವಾಸ. ಹೊರಗೆ ಕುಳಿತ ಮನೆಯವರಿಗೆ ಅನುಮಾನ: ಗುರುತಿನವರಿಗೆಲ್ಲ ಮೊದಲು, ನಮಗೆ ಮಾತ್ರ ಕೊನೆಗೆ ಏಕೆ? ನಿಜವಾದ ಕಾರಣ ಬೇರೆಯೇ ಇರಬಹುದು. ಆ ರೋಗಿಯ ಗಾಯದಲ್ಲೋ ಮೂತ್ರದಲ್ಲೋ ಔಷಧಕ್ಕೆ ಬಗ್ಗದ ರೋಗಾಣು ಪತ್ತೆಯಾಗಿರುತ್ತದೆ. ಈ ಕೊನೆಯ ಸ್ಥಾನದ ಹಿಂದೆ ಒಂದೂವರೆ ಶತಮಾನದ ಕಥೆಯಿದೆ.

ರೋಣ, ನರಗುಂದ, ಗಜೇಂದ್ರಗಡದ ಜನರಿಗೆ ದೊಡ್ಡ ಶಸ್ತ್ರಚಿಕಿತ್ಸೆ ಎಂದರೆ ಒಂದು ಪ್ರಯಾಣವೂ ಹೌದು. ನರಗುಂದದವರು ವಿಜಯಪುರ ಹೆದ್ದಾರಿ ಹಿಡಿದು ಹುಬ್ಬಳ್ಳಿಗೆ ಹೋಗುತ್ತಾರೆ. ರೋಣ, ಗಜೇಂದ್ರಗಡದವರು ಗದಗಕ್ಕೋ ಬಾಗಲಕೋಟೆಗೋ. ಹಾದಿ ಹಳೆಯದು. ಬೆಟಗೇರಿಯಲ್ಲಿ ಬಾಸೆಲ್ ಮಿಶನ್ನಿನವರು ಕಟ್ಟಿದ ದವಾಖಾನೆಗೆ ಜನ ಇಟ್ಟ ಹೆಸರು ಜರ್ಮನ್ ಆಸ್ಪತ್ರೆ. 1957ರಲ್ಲಿ ಹುಬ್ಬಳ್ಳಿಯಲ್ಲಿ ವೈದ್ಯಕೀಯ ಕಾಲೇಜು ಬಂತು. 1997ರಲ್ಲಿ ಗದಗ ಜಿಲ್ಲೆ ಧಾರವಾಡದಿಂದ ಬೇರೆಯಾಯಿತು. ಮುಂದೆ ಮಲ್ಲಸಮುದ್ರದಲ್ಲಿ ಗದಗಕ್ಕೂ ಸರ್ಕಾರಿ ವೈದ್ಯಕೀಯ ಸಂಸ್ಥೆಯಾಯಿತು. ಅಲ್ಲಿಗೆಲ್ಲ ಹೋದವರು ಹೊಲಿಗೆ ಬಿಚ್ಚಿಸಲು, ಡ್ರೆಸಿಂಗ್ ಬದಲಿಸಲು ಮತ್ತೆ ತಮ್ಮೂರಿನ ಆಸ್ಪತ್ರೆಗೇ ಬರುತ್ತಾರೆ. ಪಟ್ಟಣದ ವಾರ್ಡಿನಲ್ಲಿ ಅಂಟಿಕೊಂಡ ರೋಗಾಣುವೂ ಅದೇ ಬಸ್ಸಿನಲ್ಲಿ ಬರಬಹುದು.

ಹತ್ತೊಂಬತ್ತನೇ ಶತಮಾನದ ನಡುಭಾಗದವರೆಗೆ ಶಸ್ತ್ರಚಿಕಿತ್ಸೆಯಲ್ಲಿ ಬದುಕಿದವರೂ ಆಮೇಲೆ ನಂಜೇರಿ ಸಾಯುತ್ತಿದ್ದರು. ಗಾಯ ಕೊಳೆಯಲು ಸೂಕ್ಷ್ಮಜೀವಿಗಳೇ ಕಾರಣ ಎಂದು ನಂಬಿದ ಜೋಸೆಫ್ ಲಿಸ್ಟರ್, 1867ರಲ್ಲಿ ಕಾರ್ಬಾಲಿಕ್ ಆಮ್ಲದಿಂದ ಗಾಯಗಳನ್ನು ಶುದ್ಧಗೊಳಿಸಿದ ತನ್ನ ಅನುಭವವನ್ನು ಪ್ರಕಟಿಸಿದ. ಪ್ಯಾರಿಸ್ಸಿನಲ್ಲಿ ಪಾಶ್ಚರ್‌ನ ಸಹೋದ್ಯೋಗಿ ಚಾರ್ಲ್ಸ್ ಶಾಂಬರ್ಲಾಂ 1879ರಲ್ಲಿ ಆಟೋಕ್ಲೇವ್ ರೂಪಿಸಿದ. ಇದು ನಮ್ಮ ಅಡುಗೆಮನೆಯ ಕುಕ್ಕರಿನ ಅಣ್ಣನಿದ್ದಂತೆ: ಒತ್ತಡದ ಹಬೆಯಲ್ಲಿ ಉಪಕರಣ, ಬಟ್ಟೆಗಳನ್ನು ಬೇಯಿಸುವ ಪಾತ್ರೆ. ಗ್ಲೌಸು, ಮಾಸ್ಕುಗಳು ಆ ಶತಮಾನ ಮುಗಿಯುವುದರೊಳಗೆ ಬಂದವು. ಗಮನಿಸಬೇಕಾದ ಸಂಗತಿ ಎಂದರೆ, ಆಗ ಆ್ಯಂಟಿಬಯಾಟಿಕ್ ಒಂದೂ ಇರಲಿಲ್ಲ. ಸೋಂಕು ತಗುಲದಂತೆ ನೋಡಿಕೊಳ್ಳುವುದಷ್ಟೇ ಇದ್ದ ದಾರಿ.

1928ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಪೆನಿಸಿಲಿನ್ ಕಂಡುಹಿಡಿದ. 1940ರ ದಶಕದಲ್ಲಿ ಅದು ಔಷಧವಾಗಿ ರೋಗಿಗಳ ಕೈಸೇರಿತು. ಸ್ವತಂತ್ರ ಭಾರತ 1954ರಲ್ಲಿ ಪುಣೆ ಹತ್ತಿರದ ಪಿಂಪ್ರಿಯಲ್ಲಿ ಹಿಂದುಸ್ತಾನ್ ಆ್ಯಂಟಿಬಯಾಟಿಕ್ಸ್ ಸ್ಥಾಪಿಸಿತು. 1981ರಲ್ಲಿ ಬೆಂಗಳೂರಿನಲ್ಲಿ ಕರ್ನಾಟಕ ಆ್ಯಂಟಿಬಯಾಟಿಕ್ಸ್ ಕಂಪನಿಯೂ ಆಯಿತು. ನನ್ನ ತಲೆಮಾರಿನವರು ಈ ಔಷಧಗಳಿಲ್ಲದ ಕಾಲವನ್ನು ಕಂಡೇ ಇಲ್ಲ. ಬಹುಶಃ ಅದಕ್ಕೇ ಅವುಗಳ ಮೇಲೆ ನಮಗೆ ಅತಿಯಾದ ಭರವಸೆ.

ಎಚ್ಚರಿಕೆ ಕೊಟ್ಟವನೂ ಫ್ಲೆಮಿಂಗನೇ. ಕಡಿಮೆ ಪ್ರಮಾಣದಲ್ಲಿ ಪೆನಿಸಿಲಿನ್ ತಿಂದರೆ ರೋಗಾಣುಗಳು ಅದಕ್ಕೆ ಒಗ್ಗಿಕೊಳ್ಳುತ್ತವೆ ಎಂದು 1945ರ ನೊಬೆಲ್ ಉಪನ್ಯಾಸದಲ್ಲೇ ಹೇಳಿದ. ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ ಮೇರಿ ಬಾರ್ಬರ್ ಎಂಬ ವೈದ್ಯೆ ಲೆಕ್ಕ ಹಾಕಿದಾಗ, ಕೀವು ತರುವ ಸ್ಟ್ಯಾಫಿಲೋಕಾಕಸ್ ರೋಗಾಣುಗಳಲ್ಲಿ ಅರ್ಧಕ್ಕಿಂತ ಹೆಚ್ಚು 1948ರ ಹೊತ್ತಿಗೇ ಪೆನಿಸಿಲಿನ್ನಿಗೆ ಬಗ್ಗುತ್ತಿರಲಿಲ್ಲ. 1959ರಲ್ಲಿ ಮೆಥಿಸಿಲಿನ್ ಬಂತು. ಅದನ್ನೂ ಎದುರಿಸಿ ನಿಂತ ರೋಗಾಣುವಿನ ಸುದ್ದಿ 1961ರಲ್ಲಿ ಪ್ರಕಟವಾಯಿತು. ವೈದ್ಯರು ಇಂದಿಗೂ ಎಮ್ಮಾರ್‌ಎಸ್‌ಎ ಎನ್ನುವುದು ಇದನ್ನೇ. ಸೋಂಕಿನ ಮೇಲೆ ಕಣ್ಣಿಡುವುದಕ್ಕೆಂದೇ ಒಬ್ಬ ನರ್ಸನ್ನು ಇಂಗ್ಲೆಂಡಿನ ಟೋರ್ಬೆ ಆಸ್ಪತ್ರೆ ನೇಮಿಸಿದ್ದೂ 1959ರಲ್ಲಿ.

ಮುಂದಿನ ಅಧ್ಯಾಯದಲ್ಲಿ ನಮ್ಮ ದೇಶದ ಹೆಸರಿದೆ. ದೆಹಲಿಯಲ್ಲಿ ಚಿಕಿತ್ಸೆ ಪಡೆದು ಸ್ವೀಡನ್ನಿಗೆ ಮರಳಿದ್ದ ರೋಗಿಯಲ್ಲಿ 2008ರಲ್ಲಿ, ಕಡೆಯ ಅಸ್ತ್ರವೆಂದು ತೆಗೆದಿಟ್ಟಿದ್ದ ಕಾರ್ಬಾಪೆನೆಮ್ ಔಷಧಗಳನ್ನೇ ಮುರಿಯಬಲ್ಲ ರೋಗಾಣು ಸಿಕ್ಕಿತು. ಆ ಗುಣಕ್ಕೆ ದೆಹಲಿಯ ಹೆಸರಿಟ್ಟರೆಂದು 2010ರಲ್ಲಿ ಇಲ್ಲಿ ದೊಡ್ಡ ಗದ್ದಲವಾಯಿತು. ಹೆಸರಿನ ಜಗಳದಲ್ಲಿ ರೋಗಾಣುವಿನ ಮಾತು ಸ್ವಲ್ಪ ಹಿಂದೆ ಬಿತ್ತು. ಭಾರತದಲ್ಲಿ ತೊಡೆಮೂಳೆ ಮುರಿದು ಹಲವು ಬಾರಿ ಆಸ್ಪತ್ರೆ ಸೇರಿದ್ದ ವೃದ್ಧೆಯೊಬ್ಬರು 2016ರಲ್ಲಿ ಅಮೆರಿಕದ ನೆವಾಡಾದಲ್ಲಿ ತೀರಿಕೊಂಡರು. ಅಲ್ಲಿ ಪರೀಕ್ಷಿಸಿದ 26 ಆ್ಯಂಟಿಬಯಾಟಿಕ್‌ಗಳಲ್ಲಿ ಒಂದೂ ಅವರ ಸೋಂಕಿಗೆ ನಾಟುವಂತಿರಲಿಲ್ಲ.

ಇಷ್ಟು ಕೇಳಿದರೆ, ಇಂಥ ರೋಗಿ ನಮ್ಮ ಥೇಟರಿಗೆ ಬೇಡವೇ ಬೇಡ ಎಂದು ಸಣ್ಣ ಆಸ್ಪತ್ರೆಯವರಿಗೆ ಅನ್ನಿಸುವುದು ಸಹಜ. ಆದರೆ ಔಷಧಕ್ಕೆ ಬಗ್ಗದ ರೋಗಾಣು ಹಬೆಗೆ ಬಗ್ಗುತ್ತದೆ; ಸೋಪಿಗೂ, ಬ್ಲೀಚಿಂಗ್ ದ್ರಾವಣಕ್ಕೂ ಬಗ್ಗುತ್ತದೆ. ಆ್ಯಂಟಿಬಯಾಟಿಕ್ ರೋಗಾಣುವಿನ ಒಡಲಿನಲ್ಲಿ ಒಂದು ನಿರ್ದಿಷ್ಟ ಬೀಗವನ್ನು ಹುಡುಕುವ ಕೀಲಿಯಿದ್ದಂತೆ. ಬೀಗ ಬದಲಾದರೆ ಕೀಲಿ ಕೆಲಸಕ್ಕೆ ಬಾರದು. 121 ಡಿಗ್ರಿ ಸೆಲ್ಸಿಯಸ್ ಹಬೆ ಬೀಗ ಹುಡುಕುವುದಿಲ್ಲ, ಇಡೀ ಜೀವಿಯನ್ನೇ ಮೊಟ್ಟೆ ಬೇಯಿಸಿದಂತೆ ಬೇಯಿಸಿಬಿಡುತ್ತದೆ. ಆದ್ದರಿಂದ ಇಂಥ ರೋಗಿಗೆ ಬಳಸಿದ ಕತ್ತರಿ, ಚಿಮಟಗಳಿಗೆ ವಿಶೇಷ ಯಂತ್ರವೇನೂ ಬೇಕಿಲ್ಲ. ಚೆನ್ನಾಗಿ ತೊಳೆದು, ಎಂದಿನ ಆಟೋಕ್ಲೇವಿನಲ್ಲಿ ಹೇಳಿದಷ್ಟು ಹೊತ್ತು ಇಟ್ಟರೆ ಸಾಕು. ಲಿಸ್ಟರ್, ಶಾಂಬರ್ಲಾಂ ಕಾಲದ ವಿದ್ಯೆ ಮತ್ತೆ ಕೈಹಿಡಿದಿದೆ.

ಕಷ್ಟವಿರುವುದು ಕೈಗಳಲ್ಲಿ, ಟೇಬಲ್ಲಿನಲ್ಲಿ, ಟ್ರಾಲಿಯ ಹಿಡಿಕೆಯಲ್ಲಿ. ಅಸಿನಿಟೋಬ್ಯಾಕ್ಟರ್ ಎಂಬ ರೋಗಾಣು ಒಣ ಮೇಲ್ಮೈಯಲ್ಲೂ ವಾರಗಟ್ಟಲೆ ಬದುಕಬಲ್ಲದು. ಪಟ್ಟಿಯ ಕೊನೆಯ ಸ್ಥಾನದ ಗುಟ್ಟು ಇಲ್ಲಿದೆ. ಆ ಶಸ್ತ್ರಚಿಕಿತ್ಸೆ ಮುಗಿದ ಮೇಲೆ ಮತ್ತೊಬ್ಬರು ಕಾಯುತ್ತಿರುವುದಿಲ್ಲ. ಕೊಠಡಿಯನ್ನು ಅವಸರವಿಲ್ಲದೆ ಒರೆಸಿ ತೊಳೆಯಬಹುದು. ಬೇಡದ ಸಾಮಾನುಗಳನ್ನು ಮೊದಲೇ ಹೊರಗಿಡುತ್ತಾರೆ. ಒಳಗೆ ಎಷ್ಟು ಬೇಕೋ ಅಷ್ಟೇ ಜನ. ಸಾಧ್ಯವಾದರೆ ರೋಗಿಗೆ ಎಚ್ಚರ ಬರುವವರೆಗೆ ಅಲ್ಲೇ ಇರಿಸಿ, ಉಳಿದವರ ನಡುವೆ ಮಲಗಿಸದೆ ನೇರವಾಗಿ ವಾರ್ಡಿಗೆ ಒಯ್ಯುತ್ತಾರೆ. ತುರ್ತು ಇದ್ದರೆ ಈ ಸರದಿಯ ಲೆಕ್ಕವಿಲ್ಲ. ಹೊಟ್ಟೆಯೊಳಗೆ ಕರುಳು ಒಡೆದವನನ್ನು ಸಂಜೆಯವರೆಗೆ ಕಾಯಿಸುವ ನಿಯಮ ಎಲ್ಲಿಯೂ ಇಲ್ಲ.

ಹಳೆಯ ರೂಢಿಯೊಂದನ್ನು ಇಲ್ಲಿ ನೆನೆಯಬೇಕು. ಫಾರ್ಮಾಲಿನ್ ಹೊಗೆ ಹಾಕಿ, ರಾತ್ರಿಯಿಡೀ ಬಾಗಿಲು ಮುಚ್ಚಿ, ಕಣ್ಣುರಿಸುವ ಆ ವಾಸನೆಯೇ ಶುದ್ಧಿಯ ಗುರುತೆಂದು ನಮ್ಮ ದೇಶದ ಥೇಟರುಗಳಲ್ಲಿ ಬಹುಕಾಲ ನಂಬಿದ್ದರು. ಆ ಹೊಗೆ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲಿ ಸಾರಿತು. ಕೈಯಿಂದ ಒರೆಸುವ ಬಟ್ಟೆಯ ಕೆಲಸವನ್ನು ಹೊಗೆ ಮಾಡಲಾರದು.

ಇನ್ನೊಂದು ಮಾತು. ಮೈಲಿಗೆ ಎಂಬ ಶಬ್ದಕ್ಕೆ ನಮ್ಮಲ್ಲಿ ಕಹಿ ಚರಿತ್ರೆಯಿದೆ. ಹಾಸಿಗೆಯ ಬಳಿ ಎಚ್ಚರಿಕೆಯ ಚೀಟಿ ತೂಗಿದ ಕೂಡಲೆ ಆ ಮನುಷ್ಯನೇ ಮುಟ್ಟಬಾರದವನಾಗಿ ಕಾಣುವ ಅಪಾಯ ಇಲ್ಲದಿಲ್ಲ. ಥೇಟರಿನ ನಿಯಮ ಹೇಳುವುದು ಗೌನು, ಗ್ಲೌಸು ತೊಟ್ಟು ಮುಟ್ಟಿ, ಆಮೇಲೆ ಕೈ ತೊಳೆಯಿರಿ ಎಂದು. ಅದೂ ಆ ಒಬ್ಬ ರೋಗಿಯ ನಂತರ ಮಾತ್ರವಲ್ಲ, ಪ್ರತಿಯೊಬ್ಬರ ನಂತರವೂ. ಯಾರಲ್ಲಿ ಏನಿದೆಯೆಂದು ಪರೀಕ್ಷೆಯಿಲ್ಲದೆ ಗೊತ್ತಾಗುವುದಿಲ್ಲವಲ್ಲ.

ಮನೆಯವರ ಕೈಯಲ್ಲೂ ಒಂದು ಕೆಲಸವಿದೆ. ಎಮ್ಮಾರ್‌ಎಸ್‌ಎ ಇದ್ದವರಿಗೆ ಶಸ್ತ್ರಚಿಕಿತ್ಸೆಗೆ ಮುನ್ನ ಸಾಮಾನ್ಯ ಇಂಜೆಕ್ಷನ್ ಸಾಲದು, ವ್ಯಾಂಕೋಮೈಸಿನ್ ಬೇಕಾಗಬಹುದು. ಅದನ್ನು ಒಮ್ಮೆಲೇ ಚುಚ್ಚುವಂತಿಲ್ಲ. ಸುಮಾರು ಒಂದು ತಾಸು ಅಥವಾ ಇನ್ನೂ ಹೆಚ್ಚು ಹೊತ್ತು ನಿಧಾನವಾಗಿ ಹನಿಸಬೇಕು. ವೈದ್ಯರಿಗೆ ಮೊದಲೇ ತಿಳಿದಿದ್ದರಷ್ಟೇ ಇದು ಸಾಧ್ಯ. ಹುಬ್ಬಳ್ಳಿಯಲ್ಲಿ ಮಾಡಿಸಿದ ಕಲ್ಚರ್ ವರದಿ ಗಜೇಂದ್ರಗಡದ ಮನೆಯ ಟ್ರಂಕಿನಲ್ಲಿ ಉಳಿದರೆ ಗದಗದ ವೈದ್ಯರು ಹೊಸದಾಗಿ ಹುಡುಕಬೇಕು, ಅದಕ್ಕೆ ಎರಡು ಮೂರು ದಿನ ಹಿಡಿಯುತ್ತದೆ. ಹಾಗೆಯೇ ಕೊನೆಯ ಸರದಿಯವರು ಬೆಳಗಿನಿಂದ ಬಾಯಿ ಒಣಗಿಸಿಕೊಂಡು ಕೂರಬೇಕೆಂದೇನೂ ಇಲ್ಲ. ಸಾಮಾನ್ಯವಾಗಿ ಅರಿವಳಿಕೆಗೆ ಎರಡು ತಾಸು ಮೊದಲಿನವರೆಗೆ ಬರಿ ನೀರು ಕುಡಿಯಬಹುದು. ತಮ್ಮ ವಿಷಯದಲ್ಲಿ ಎಷ್ಟು ಹೊತ್ತಿನವರೆಗೆ ಎಂದು ನರ್ಸಮ್ಮನನ್ನು ಕೇಳಿಕೊಂಡರಾಯಿತು.