ಮೆಶ್ ಜಾಲದ ಚಾನೆಲ್ ಹಂಚಿಕೆ: ಬಣ್ಣದ ಲೆಕ್ಕದಿಂದ ದಟ್ಟಣೆಯ ಲೆಕ್ಕಕ್ಕೆ

ವೈರ್‌ಲೆಸ್ ಮೆಶ್ ಜಾಲದಲ್ಲಿ ಡೇಟಾ ಒಂದು ರೌಟರ್‌ನಿಂದ ಇನ್ನೊಂದಕ್ಕೆ ದಾಟುತ್ತ ಇಂಟರ್ನೆಟ್ ಗೇಟ್‌ವೇ ತಲುಪುತ್ತದೆ. ಎಲ್ಲವೂ ಒಂದೇ ಚಾನೆಲ್‌ನಲ್ಲಿದ್ದರೆ ಒಂದು ರೌಟರ್ ಕಳಿಸುವಾಗ ಸುತ್ತಲಿನವು ಸುಮ್ಮನಿರಬೇಕು. ಎರಡನೇ ಹಂತ ದಾಟುವಷ್ಟರಲ್ಲೇ ವೇಗ ಅರ್ಧಕ್ಕಿಳಿಯುತ್ತದೆ. ಜಾಲ ಹಿಗ್ಗಿದಂತೆ ಪ್ರತಿ ನೋಡ್‌ನ, ಅಂದರೆ ಪ್ರತಿ ರೌಟರ್‌ನ, ಪಾಲು ಕುಗ್ಗುತ್ತಲೇ ಹೋಗುತ್ತದೆಂದು ಗುಪ್ತಾ ಮತ್ತು ಕುಮಾರ್ 2000ರಲ್ಲೇ ಗಣಿತದಿಂದ ತೋರಿಸಿದ್ದರು. ಬೇರೆ ಬೇರೆ ಚಾನೆಲ್ ಕೊಡೋಣವೆಂದರೆ 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದೆ ಉಳಿಯುವವು ಸಾಮಾನ್ಯವಾಗಿ 1, 6 ಮತ್ತು 11 ಮಾತ್ರ.

ಸಂಶೋಧಕರು ಮೊದಲು ಇದನ್ನು ಗ್ರಾಫ್‌ಗೆ ಬಣ್ಣ ಹಚ್ಚುವ ಸಮಸ್ಯೆಯಾಗಿ ಕಂಡರು: ಪರಸ್ಪರ ಅಡ್ಡಿಯಾಗುವ ಎರಡು ಕೊಂಡಿಗಳಿಗೆ ಒಂದೇ ಬಣ್ಣ, ಅಂದರೆ ಒಂದೇ ಚಾನೆಲ್, ಸಲ್ಲದು. ದೊಡ್ಡ ಜಾಲಕ್ಕೆ ಇದರ ಅತ್ಯುತ್ತಮ ಉತ್ತರ ಹುಡುಕುವುದು ಕಂಪ್ಯೂಟರಿಗೂ ದುಸ್ಸಾಧ್ಯವಾದ್ದರಿಂದ ಅಂದಾಜು ವಿಧಾನಗಳು ಸಾಲುಗಟ್ಟಿ ಬಂದವು. ಆದರೆ ಈ ನೋಟಕ್ಕೆ ಎಲ್ಲ ಅಡ್ಡಿಗಳೂ ಸಮಾನ. ವಾಸ್ತವದಲ್ಲಿ ದಟ್ಟಣೆಯೆಲ್ಲ ಗೇಟ್‌ವೇ ಬಳಿ ಬಂದು ಸೇರುತ್ತದೆ. ಅಂಚಿನ ಖಾಲಿ ಕೊಂಡಿಗಳೆರಡು ಚಾನೆಲ್ ಹಂಚಿಕೊಂಡರೆ ನಷ್ಟವೇನಿಲ್ಲ. ಯಾವ ಕೊಂಡಿ ಎಷ್ಟು ಹೊರುತ್ತದೆಂದು ಕೇಳತೊಡಗಿದ ಮೇಲೆಯೇ ಈ ಕ್ಷೇತ್ರ ನಿಜಕ್ಕೂ ಮುಂದುವರಿಯಿತು ಎಂಬುದು ನನ್ನ ವಾದ.

ಆ ತಿರುವು ಬಂದದ್ದು 2004ರಲ್ಲಿ. ರಾಣಿವಾಲಾ, ಗೋಪಾಲನ್ ಮತ್ತು ಚಿಯೂ ಚಾನೆಲ್ ಹಂಚಿಕೆಯನ್ನೂ ದಾರಿಯ ಆಯ್ಕೆಯನ್ನೂ ಒಟ್ಟಿಗೆ ಲೆಕ್ಕಕ್ಕೆ ತೆಗೆದುಕೊಂಡರು. ಮರುವರ್ಷದ ಹಯಸಿಂತ್ ವ್ಯವಸ್ಥೆ ಇನ್ನೊಂದು ತೊಡಕು ಬಿಡಿಸಿತು. ಒಂದು ನೋಡ್ ಚಾನೆಲ್ ಬದಲಿಸಿದರೆ ಪಕ್ಕದ್ದೂ ಬದಲಿಸಬೇಕು, ಅದರ ಪಕ್ಕದ್ದೂ. ಹೀಗೆ ಇಡೀ ಜಾಲವೇ ಅಲುಗುತ್ತಿತ್ತು. ಹಯಸಿಂತ್ ಪ್ರತಿ ನೋಡ್‌ನ ರೇಡಿಯೋ ಕಾರ್ಡುಗಳನ್ನು ಗೇಟ್‌ವೇ ಕಡೆಯದು, ಕೆಳಗಿನ ನೋಡ್‌ಗಳ ಕಡೆಯದು ಎಂದು ವಿಂಗಡಿಸಿತು. ಕೆಳಗಿನದರ ಚಾನೆಲ್ಲನ್ನು ನೋಡ್ ತಾನೇ ಆರಿಸುತ್ತದೆ, ಮೇಲಿನದು ತಾಯಿ ನೋಡ್ ಹೇಳಿದಂತೆ ನಡೆಯುತ್ತದೆ. ನೋಡ್‌ಗೆ ಎರಡೇ ಕಾರ್ಡಿದ್ದರೂ ಏಕ ಚಾನೆಲ್ ಜಾಲಕ್ಕಿಂತ ಆರೇಳು ಪಟ್ಟು ಸಾಗಣೆ ಸಾಧ್ಯವೆಂದು ಅದನ್ನು ರೂಪಿಸಿದವರು ವರದಿ ಮಾಡಿದರು.

2006ರಲ್ಲಿ ರಾಮಚಂದ್ರನ್ ಮತ್ತು ಸಂಗಡಿಗರು ಪ್ರತಿ ರೌಟರ್‌ನ ಒಂದು ರೇಡಿಯೋವನ್ನು ಎಲ್ಲರಿಗೂ ಸಾಮಾನ್ಯವಾದ ಚಾನೆಲ್‌ನಲ್ಲಿರಿಸಿದರು. ಒಂದು ರೇಡಿಯೋ ವ್ಯರ್ಥವಲ್ಲವೇ ಎಂಬ ಆಕ್ಷೇಪ ಸಹಜ. ಆದರೆ ಚಾನೆಲ್ ಬದಲಾಗುವಾಗ ನೆರೆಯ ರೌಟರ್‌ಗಳ ಸಂಪರ್ಕ ಕಡಿದರೆ ಆಗುವ ನಷ್ಟ ಅದಕ್ಕಿಂತ ದೊಡ್ಡದು. ನಮ್ಮ ದೇಶದ ಉದಾಹರಣೆ ಇನ್ನೂ ಬೋಧಪ್ರದ: ಹಳ್ಳಿಗಳ ದೂರದ ವೈಫೈ ಕೊಂಡಿಗಳಿಗಾಗಿ ಐಐಟಿ ಕಾನ್ಪುರದ ಭಾಸ್ಕರನ್ ರಾಮನ್ ಮತ್ತು ಕಾಮೇಶ್ವರಿ ಚೆಬ್ರೋಲು 2005ರಲ್ಲಿ ರೂಪಿಸಿದ 2ಪಿ ವಿಧಾನದಲ್ಲಿ ಒಂದು ನೋಡ್‌ನ ಕೊಂಡಿಗಳೆಲ್ಲ ಒಂದೇ ಚಾನೆಲ್‌ನಲ್ಲಿ ಒಟ್ಟಿಗೆ ಕಳಿಸಿ, ಒಟ್ಟಿಗೆ ಪಡೆಯುತ್ತವೆ. ದಿಕ್ಕು ಹಿಡಿದ ಆಂಟೆನಾ, ಸರಿಯಾದ ಸಮಯ ಇವೆರಡಿದ್ದರೆ ಅಕ್ಕಪಕ್ಕಕ್ಕೆ ಬೇರೆ ಬಣ್ಣವೇ ಬೇಕೆಂದಿಲ್ಲ.

ಹೊಸ ತರಂಗಾಂತರ ಬಂದರೆ ಈ ಚಿಂತೆಯೇ ಇರದು ಎನ್ನುವವರಿದ್ದಾರೆ. ಅಮೆರಿಕ 2020ರಲ್ಲಿ 6 ಗಿಗಾಹರ್ಟ್ಸ್‌ನ 1200 ಮೆಗಾಹರ್ಟ್ಸ್ ತೆರೆಯಿತು. ಅದರಲ್ಲಿ 20 ಮೆಗಾಹರ್ಟ್ಸ್‌ನ ಚಾನೆಲ್‌ಗಳು 59. ವೇಗಕ್ಕೆ ಬೇಕಾದ 160 ಮೆಗಾಹರ್ಟ್ಸ್‌ನವು ಏಳೇ, 320ರವು ಮೂರೇ. ಅಗಲವಾದ ಚಾನೆಲ್ ಕೇಳಿದೊಡನೆ ಹಳೆಯ ಕೊರತೆಯೇ ಎದುರಾಗುತ್ತದೆ. ಆದ್ದರಿಂದ ಹೊಸ ಅಲ್ಗಾರಿದಮ್ ಒಂದನ್ನು ಪರಿಶೀಲಿಸುವವರು ಅದು ಎಷ್ಟು ಅಡ್ಡಿ ತಗ್ಗಿಸಿತು ಎಂಬುದಕ್ಕಿಂತ ಮೊದಲು, ನಿಜವಾದ ಜಾಲದಲ್ಲಿ ಗೇಟ್‌ವೇ ಪಕ್ಕದ ಕೊಂಡಿ ಎಷ್ಟು ಡೇಟಾ ದಾಟಿಸಿತು ಎಂದು ಕೇಳಲಿ.