ಬೀಗದ ಕೈಗೊಂಚಲು ಮತ್ತು ಶನಿವಾರದ ಬೆಂಕಿ

ಕೈಗಾರಿಕಾ ಕ್ರಾಂತಿಯ ಪಾಠ ಮಾಡುವಾಗ ನಾವು ಗಿರಣಿ, ಗಣಿ, ರೈಲು ಎಂದು ಹೇಳಿಕೊಂಡು ಹೋಗುತ್ತೇವೆ. ಮೊನ್ನೆ ಹಾಗೆ ಹೇಳುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಮಾಷ್ಟ್ರೇ, ಹಾಗಾದರೆ ಆಗ ಇಂಗ್ಲೆಂಡಿನ ಹೆಂಗಸರೆಲ್ಲ ಗಿರಣಿಗೇ ಹೋಗುತ್ತಿದ್ದರಾ?" ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ. ಉತ್ತರ ಹುಡುಕುತ್ತಾ ಹೋದ ನಮಗೆ ಪಾಠಪುಸ್ತಕದಲ್ಲಿಲ್ಲದ ಒಂದು ಕಥೆಯೇ ಸಿಕ್ಕಿತು. ಅದನ್ನು ನಿಮ್ಮೊಡನೆ ಹಂಚಿಕೊಳ್ಳೋಣ ಎಂದು ಈ ಬರಹ.

ವಿಕ್ಟೋರಿಯಾ ರಾಣಿಯ ಕಾಲದಲ್ಲಿ (1837ರಿಂದ 1901) ಇಂಗ್ಲೆಂಡಿನಲ್ಲಿ ಸಂಬಳಕ್ಕೆ ದುಡಿಯುತ್ತಿದ್ದ ಹೆಂಗಸರು ಅತಿ ಹೆಚ್ಚು ಸಂಖ್ಯೆಯಲ್ಲಿದ್ದದ್ದು ಗಿರಣಿಯಲ್ಲಲ್ಲ, ಬೇರೆಯವರ ಮನೆಗಳಲ್ಲಿ. ಆ ಶತಮಾನದ ಕೊನೆಯ ಹೊತ್ತಿಗೆ ಇಂಥವರ ಸಂಖ್ಯೆ 10 ಲಕ್ಷವನ್ನೂ ಮೀರಿತ್ತು. ಹೆಚ್ಚಿನ ಮನೆಗಳಲ್ಲಿ ಇರುತ್ತಿದ್ದದ್ದು ಒಬ್ಬಳೇ ಕೆಲಸದ ಹುಡುಗಿ. ಗುಡಿಸುವುದು, ಒರೆಸುವುದು, ನೀರು ಹೊರುವುದು, ಅಡುಗೆ, ಮಕ್ಕಳು, ಎಲ್ಲವೂ ಅವಳ ತಲೆಗೆ. 1861ರಲ್ಲಿ ಪ್ರಕಟವಾದ ಇಸಬೆಲ್ಲಾ ಬೀಟನ್ ಅವರ ಪ್ರಸಿದ್ಧ ಗೃಹಕೃತ್ಯದ ಪುಸ್ತಕದಲ್ಲಿ ಕೆಲಸದವರ ಸಂಬಳದ ಪಟ್ಟಿಯೇ ಇದೆ. ಹೀಗೆ ಒಂಟಿಯಾಗಿ ದುಡಿಯುವವಳಿಗೆ ವರ್ಷಕ್ಕೆ 9ರಿಂದ 14 ಪೌಂಡು. ಹೌಸ್‌ಕೀಪರ್‌ಗೆ 20ರಿಂದ 45 ಪೌಂಡು.

ಈ ಹೌಸ್‌ಕೀಪರ್ ಯಾರು? ದೊಡ್ಡ ಬಂಗಲೆಗಳಲ್ಲಿ ಹೆಣ್ಣಾಳುಗಳ ಮೇಲಿನ ಯಜಮಾನಿಕೆ ಅವಳದ್ದು. ಉಗ್ರಾಣ, ಬಟ್ಟೆಬರೆ, ಪಿಂಗಾಣಿ ಪಾತ್ರೆ, ಸಕ್ಕರೆ, ಚಹಾ, ಮನೆಯ ಖರ್ಚಿನ ಲೆಕ್ಕ, ಎಲ್ಲ ಅವಳ ಸುಪರ್ದಿಗೆ. ಸೊಂಟದಲ್ಲಿ ಬೀಗದ ಕೈಗೊಂಚಲು. ಮದುವೆ ಆಗಿರಲಿ ಬಿಡಲಿ, ಅವಳನ್ನು 'ಮಿಸೆಸ್' ಎಂದೇ ಕರೆಯಬೇಕು. ನಿನ್ನೆಯವರೆಗೆ ಜತೆಯಲ್ಲಿ ಬಕೆಟ್ ಹಿಡಿದವಳು ಇವತ್ತು ಆ ಗೊಂಚಲು ಸಿಕ್ಕಿಸಿಕೊಂಡು ಬಂದರೆ ಉಳಿದವರು ಎದ್ದು ನಿಲ್ಲಬೇಕು. ಆದ್ದರಿಂದ ಕೆಲಸದ ಹುಡುಗಿ ಅದೇ ಮನೆಯಲ್ಲಿ ಆ ಸ್ಥಾನಕ್ಕೇರುವುದು ಸುಲಭವಿರಲಿಲ್ಲ.

ಆದರೂ ಅನಿರೀಕ್ಷಿತವಾಗಿ ಗೊಂಚಲು ಕೈಗೆ ಬಂದವರಿದ್ದರು. ಕಥೆಗಾರ ಎಚ್. ಜಿ. ವೆಲ್ಸ್ ಅವರ ತಾಯಿ ಸಾರಾ ಅಂಥವರಲ್ಲೊಬ್ಬರು. 1850ರಲ್ಲಿ ಸಸೆಕ್ಸಿನ ಅಪ್‌ಪಾರ್ಕ್ ಬಂಗಲೆಗೆ ಒಡತಿಯ ತಂಗಿಯ ಸೇವಕಿಯಾಗಿ ಬಂದ ಈಕೆ, ಅಲ್ಲಿನ ತೋಟದ ಕೆಲಸದ ಜೋಸೆಫ್ ವೆಲ್ಸ್‌ನನ್ನು 1853ರಲ್ಲಿ ಮದುವೆಯಾದರು. ಬ್ರೋಮ್ಲಿಯಲ್ಲಿ ನಡೆಸಿದ ಪಿಂಗಾಣಿ ಅಂಗಡಿ ಏಳಲಿಲ್ಲ. 1877ರಲ್ಲಿ ಗಂಡ ಕಾಲು ಮುರಿದುಕೊಂಡ. 1880ರಲ್ಲಿ ಅದೇ ಬಂಗಲೆಯಿಂದ, ಹೌಸ್‌ಕೀಪರ್ ಆಗಿ ಬರುತ್ತೀರಾ ಎಂಬ ಕರೆ ಬಂತು. ಕರೆದಾಕೆ ಅದೇ ಹಳೆಯ ಒಡತಿ. ಈ ಒಡತಿಯ ಅಕ್ಕ ಆ ಮನೆಯ ಹೈನಿನ ಕೆಲಸದವಳಾಗಿದ್ದು, 1825ರಲ್ಲಿ ಮುದುಕ ಯಜಮಾನನನ್ನೇ ಮದುವೆಯಾಗಿ ಒಡತಿಯಾದವಳು! ಕೆಳಗಿನಿಂದ ಮೇಲೆ ಬಂದ ಮನೆತನ ಕೆಳಗಿನವಳ ಮೇಲೆ ನಂಬಿಕೆ ಇಟ್ಟಿತು. ಸಾರಾಗೆ ಲೆಕ್ಕಪತ್ರದ ತರಬೇತಿ ಇರಲಿಲ್ಲ. ಅಮ್ಮ ಒಳ್ಳೆಯ ಹೌಸ್‌ಕೀಪರ್ ಆಗಿರಲೇ ಇಲ್ಲ ಎಂದು ಮಗನೇ ಆತ್ಮಕಥೆಯಲ್ಲಿ ಬರೆದಿದ್ದಾರೆ. ಆದರೂ 1893ರವರೆಗೆ ಅವರು ಅಲ್ಲಿದ್ದರು. ಮಗ ಆ ಬಂಗಲೆಯ ಪುಸ್ತಕಗಳನ್ನು ಓದಿಯೇ ಬೆಳೆದ.

ಅಂದರೆ ಸಾಮರ್ಥ್ಯಕ್ಕಿಂತ ಹೆಚ್ಚಾಗಿ 'ಇವಳು ನಮ್ಮವಳು' ಎಂಬ ನಂಬಿಕೆಯಿಂದ ಗೊಂಚಲು ಸಿಗುತ್ತಿತ್ತು. ಹಾಗಾದರೆ 'ನಮ್ಮವಳು' ಅಲ್ಲದವಳ ಗತಿ ಏನು? ಉದಾಹರಣೆಗೆ, ಒಬ್ಬ ಯಹೂದಿ ಹುಡುಗಿಯ ಗತಿ?

ಯಹೂದಿಗಳೆಂದರೆ ನಮ್ಮ ಮಕ್ಕಳಿಗೆ ನೆನಪಾಗುವುದು ಕೊಚ್ಚಿಯ ಮಟ್ಟಾಂಚೇರಿ. ಪ್ರವಾಸ ಹೋದವರು 1568ರ ಪರದೇಸಿ ಸಿನಗಾಗನ್ನು ನೋಡಿಯೇ ಬರುತ್ತಾರೆ. ಇಂಗ್ಲೆಂಡಿನ ಚರಿತ್ರೆ ಬೇರೆ. 1290ರಲ್ಲಿ ಒಂದನೇ ಎಡ್ವರ್ಡ್ ದೊರೆ ಯಹೂದಿಗಳನ್ನೆಲ್ಲ ದೇಶದಿಂದ ಹೊರಹಾಕಿದ. ಅವರು ಮರಳಿ ಬರಲು ಸಾಧ್ಯವಾದದ್ದು 1656ರಲ್ಲಿ. ಯಹೂದಿ ಧರ್ಮವನ್ನು ಬಿಡದೆಯೇ ಲಯನೆಲ್ ಡಿ ರಾತ್‌ಶೀಲ್ಡ್ ಸಂಸತ್ತಿನಲ್ಲಿ ಕುಳಿತದ್ದು 1858ರಲ್ಲಿ. ಮೇಲಿನವರಿಗೆ ಹೀಗೆ ಒಂದೊಂದಾಗಿ ಬಾಗಿಲು ತೆರೆಯುತ್ತಿದ್ದಾಗ, ಲಂಡನ್ನಿನ ಪೂರ್ವದ ಕೇರಿಗಳಲ್ಲಿ ಬಡ ಯಹೂದಿಗಳು ಹಳೆ ಬಟ್ಟೆ ಮಾರಿಕೊಂಡು, ಹೊಲಿಗೆ ಮಾಡಿಕೊಂಡು ಬದುಕುತ್ತಿದ್ದರು. 1881ರ ನಂತರ ರಷ್ಯಾ ಸಾಮ್ರಾಜ್ಯದಲ್ಲಿ ನಡೆದ ದೊಂಬಿಗಳಿಂದ ಓಡಿಬಂದವರು ಸೇರಿ ಆ ಕೇರಿಗಳು ಇನ್ನೂ ತುಂಬಿದವು.

ಈ ಬಡವರ ಹೆಣ್ಣುಮಕ್ಕಳು ಮನೆಗೆಲಸಕ್ಕೆ ಹೋಗಲಿ ಎಂಬುದು ಅವರ ಸಮುದಾಯದ ಶ್ರೀಮಂತರ ಆಸೆ. ಗೋಲ್ಡ್‌ಸ್ಮಿಡ್ ಸಹೋದರರು ಕೂಡಿಸಿದ ಹಣದಿಂದ 1807ರಲ್ಲಿ ಮೈಲ್ ಎಂಡ್‌ನಲ್ಲಿ 'ಜ್ಯೂಸ್ ಹಾಸ್ಪಿಟಲ್' ಎಂಬ ಸಂಸ್ಥೆ ಶುರುವಾಯಿತು. ಹೆಸರು ಹಾಸ್ಪಿಟಲ್ ಆದರೂ ಅದು ವೃದ್ಧರಿಗೆ ಆಶ್ರಯ, ಮಕ್ಕಳಿಗೆ ತರಬೇತಿಯ ಮನೆ. ಹುಡುಗರಿಗೆ ಕಸುಬು, ಹುಡುಗಿಯರಿಗೆ ಮನೆಗೆಲಸ. ಕಲಿಸುವವರಿದ್ದರು, ಕೆಲಸವೂ ಬೇಕಾದಷ್ಟಿತ್ತು. ಆದರೆ ಹುಡುಗಿಯರಿಗೆ ಅದು ಹಿಡಿಸಲಿಲ್ಲ. ಹೆಚ್ಚಿನವರು ಹೊಲಿಗೆ, ಟೋಪಿ, ಸಿಗಾರು ಮಾಡುವ ಕಾರ್ಖಾನೆಗಳಿಗೇ ಹೋದರು.

ಸೊಕ್ಕು ಎನ್ನೋಣವೇ? ಅಲ್ಲ. ಕಾರಣ ತಿಳಿಯಬೇಕಾದರೆ ಬೆಳಗಿನ ಜಾವ ಎದ್ದ ಕೆಲಸದ ಹುಡುಗಿಯ ಹಿಂದೆ ಹೋಗಬೇಕು. ಅವಳ ಮೊದಲ ಕೆಲಸ ಅಗ್ಗಿಷ್ಟಿಕೆಯ ಬೂದಿ ತೆಗೆದು ಬೆಂಕಿ ಹೊತ್ತಿಸುವುದು. ಯಹೂದಿಗಳಿಗೆ ಶುಕ್ರವಾರ ಸೂರ್ಯಾಸ್ತದಿಂದ ಶನಿವಾರ ರಾತ್ರಿಯವರೆಗೆ ಸಬ್ಬತ್. ಆ ದಿನ ಬೆಂಕಿ ಹೊತ್ತಿಸಬಾರದು ಎಂಬುದು ಧರ್ಮಗ್ರಂಥದ ಕಟ್ಟಳೆ. ಕೆಲಸದ ಮೊದಲ ಕೆಲಸವೇ ಧರ್ಮಕ್ಕೆ ನಿಷಿದ್ಧ! ಊಟದ ವಿಷಯವೂ ಹಾಗೆಯೇ. ಕ್ರೈಸ್ತರ ಮನೆಯಲ್ಲಿ ಹಂದಿಮಾಂಸ ಬೇಯಿಸುವ ಪಾತ್ರೆಯೇ ಅವಳಿಗೂ. ಹಾಲಿಗೂ ಮಾಂಸಕ್ಕೂ ಬೇರೆ ಬೇರೆ ಪಾತ್ರೆ ಇಡುವ ಮನೆಯಿಂದ ಬಂದವಳು ಅಲ್ಲಿ ಏನು ತಿನ್ನಬೇಕು? ಜತೆಗೆ ಎಷ್ಟೋ ಮನೆಗಳಲ್ಲಿ ಬೆಳಿಗ್ಗೆ ಕೆಲಸದವರೆಲ್ಲ ಸಾಲಾಗಿ ನಿಂತು ಕ್ರೈಸ್ತ ಪ್ರಾರ್ಥನೆ ಕೇಳಬೇಕು, ಭಾನುವಾರ ಚರ್ಚಿಗೆ ಹೋಗಬೇಕು.

ಯಹೂದಿಗಳ ಮನೆಗೇ ಹೋಗಬಹುದಲ್ಲ ಎನ್ನಬಹುದು. ಅಲ್ಲಿನ ತಮಾಷೆ ಬೇರೆ. ಸಬ್ಬತ್ತಿನ ದಿನ ಒಲೆ ಹೊತ್ತಿಸಲು ಅವರಿಗೆ ಬೇಕಾದದ್ದು ಯಹೂದಿಯಲ್ಲದವಳು! ಹಾಗಾಗಿ ಅನುಕೂಲಸ್ಥ ಯಹೂದಿಗಳ ಮನೆಗಳಲ್ಲೂ ಕ್ರೈಸ್ತ ಹೆಂಗಸರೇ ಕೆಲಸಕ್ಕಿರುವುದು ಸಾಮಾನ್ಯವಾಗಿತ್ತು. ಕಾರ್ಖಾನೆಯಲ್ಲಾದರೋ, ಅದೂ ಯಹೂದಿ ಮಾಲೀಕನದ್ದಾದರೆ, ಶನಿವಾರ ರಜೆ. ರಾತ್ರಿ ಅಮ್ಮನ ಮನೆ, ಅಮ್ಮನ ಅಡುಗೆ. ಯಾರು ತಾನೇ ಬಿಡುತ್ತಾರೆ?

ಆದ್ದರಿಂದ ಯಹೂದಿ ಮೂಲದ ಹುಡುಗಿಯೊಬ್ಬಳು ದೊಡ್ಡ ಬಂಗಲೆಯೊಂದರಲ್ಲಿ ಗೊಂಚಲಿನವರೆಗೆ ಏರಬೇಕಾದರೆ ದುಡಿಮೆಯ ಜತೆಗೆ ಇನ್ನೊಂದು ಬೆಲೆಯನ್ನೂ ಕೊಡಬೇಕಿತ್ತು. ಅದನ್ನು ಶನಿವಾರಗಳ ಲೆಕ್ಕದಲ್ಲಿ, ಊಟದ ತಟ್ಟೆಗಳ ಲೆಕ್ಕದಲ್ಲಿ ಕೊಡಬೇಕು. ಕೆಲವೊಮ್ಮೆ ಹೆಸರನ್ನೇ ಕೊಡಬೇಕು. ಕೆಲಸದ ಹುಡುಗಿಯ ಹೆಸರು ಯಜಮಾನಿಗೆ ಹಿಡಿಸದಿದ್ದರೆ ಮೇರಿ ಎಂದೋ ಜೇನ್ ಎಂದೋ ಬದಲಾಯಿಸುವ ರೂಢಿ ಆಗ ಇತ್ತು. ಇಂಗ್ಲೆಂಡಿನ ಜನಗಣತಿಯಲ್ಲಿ ಹೆಸರು, ವಯಸ್ಸು, ಹುಟ್ಟಿದೂರು, ಕೆಲಸ ಎಲ್ಲಕ್ಕೂ ಕಾಲಂ ಇತ್ತು. ಧರ್ಮದ ಪ್ರಶ್ನೆ ಅದರಲ್ಲಿ ಬಂದದ್ದು 2001ರಲ್ಲಿ. ಹೀಗಾಗಿ ಆ ಹೌಸ್‌ಕೀಪರ್ ದಾಖಲೆಯಲ್ಲಿ ಒಬ್ಬ 'ಮಿಸೆಸ್' ಮಾತ್ರ. ಅವಳ ಅಜ್ಜಿ ಶುಕ್ರವಾರ ಸಂಜೆ ದೀಪ ಹಚ್ಚುತ್ತಿದ್ದಳು ಎಂಬುದು ಯಾವ ಸಾಲಿನಲ್ಲೂ ಇಲ್ಲ.

ಕಥೆಗೆ ಇನ್ನೊಂದು ತಿರುವಿದೆ. ಯಾವ ಕೆಲಸವನ್ನು ಆ ಹುಡುಗಿಯರು ಬೇಡವೆಂದಿದ್ದರೋ ಅದೇ ಕೆಲಸ ಮುಂದೆ ಜೀವ ಉಳಿಸಿತು. 1938–39ರಲ್ಲಿ ಹಿಟ್ಲರನ ಹಿಡಿತದಿಂದ ತಪ್ಪಿಸಿಕೊಳ್ಳಲು ಸುಮಾರು 20,000 ಹೆಂಗಸರು, ಬಹುಪಾಲು ಯಹೂದಿಗಳು, ಮನೆಗೆಲಸದ ಪರವಾನಗಿ ಹಿಡಿದು ಬ್ರಿಟನ್ನಿಗೆ ಬಂದರು. ಅವರಲ್ಲಿ ಎಷ್ಟೋ ಮಂದಿಯ ಮನೆಯಲ್ಲೇ ಹಿಂದೆ ಆಳುಗಳಿದ್ದರು. ಲೇಖಕಿ ಲೋರೆ ಸೀಗಲ್ ಅವರ ತಂದೆತಾಯಿ ವಿಯೆನ್ನಾದಿಂದ ಬಂದು ಇಂಗ್ಲಿಷರ ಮನೆಯಲ್ಲಿ ಕೆಲಸಕ್ಕೆ ನಿಂತದ್ದು ಹೀಗೆಯೇ. ಬದುಕುವುದೇ ದೊಡ್ಡದಾದಾಗ ಶನಿವಾರದ ಲೆಕ್ಕ ಹಿಡಿಯುವವರು ಯಾರು?

ಗಡಿಯಾಚೆ ಕನ್ನಡ ಕಲಿಸುವ ನಮಗೆ ಈ ಕಥೆ ದೂರದ್ದು ಎನಿಸಲಿಲ್ಲ. ನಮ್ಮ ದೇಶದ ಜನಗಣತಿಯಲ್ಲಿ ಮಾತೃಭಾಷೆಗೊಂದು ಕಾಲಂ ಇದೆ. ಅಲ್ಲಿ 'ಕನ್ನಡ' ಎಂದು ಬರೆಸಿದರೆ ಮಾತ್ರ ನಾವು ಲೆಕ್ಕಕ್ಕೆ ಸಿಗುತ್ತೇವೆ. ನಮ್ಮ ಮಕ್ಕಳೂ ನಾಳೆ ಮೇಲೇರಬೇಕು, ದೊಡ್ಡ ಗೊಂಚಲು ಹಿಡಿಯಬೇಕು. ಅದಕ್ಕಾಗಿ ಬೇರೆ ಭಾಷೆ ಕಲಿಯಲಿ, ಬೇರೆ ಊರಿಗೆ ಹೋಗಲಿ. ಆದರೆ ಅವರು ಎಲ್ಲಿಂದ ಬಂದವರು ಎಂಬ ಸಾಲೊಂದು ಎಲ್ಲಾದರೂ ಉಳಿದಿರಲಿ ಎಂಬುದಷ್ಟೇ ನಮ್ಮ ಆಸೆ.

ಹಿಂದಿನ ಬೆಂಚಿನ ಆ ಹುಡುಗಿಗೆ ಇಷ್ಟನ್ನೂ ಹೇಳಿ ಮುಗಿಸುವಾಗ ಗಂಟೆ ಹೊಡೆದಿತ್ತು. ಹೊರಡುವಾಗ ಅವಳು ಕೇಳಿದ ಪ್ರಶ್ನೆ ಇದು: "ಮಾಷ್ಟ್ರೇ, ಮೇರಿ ಅಂತ ಕರೆದಾಗ ಅವಳು ಓಗೊಡುತ್ತಿದ್ದಳಾ?" ಓದುಗರೇ, ನೀವಾದರೆ ಏನು ಹೇಳುತ್ತಿದ್ದಿರಿ?